ಊರಿನ ವೀರಗಲ್ಲಿನ ಮುಂದೆ ಶಾಸನ ವಾಚನ: ಏರ್ಪಡಿಸುವ ಬಗೆ

ಇತಿಹಾಸ, ಭಾಷೆ, ಸಾಹಿತ್ಯಗಳತ್ತ ಊರಿನ ಜನರನ್ನು ಸೆಳೆಯಬಯಸುವ ಗ್ರಂಥಾಲಯ, ಶಾಲೆ ಅಥವಾ ಯುವಕ ಸಂಘಕ್ಕೆ, ಸಭಾಂಗಣದ ಉಪನ್ಯಾಸಕ್ಕಿಂತ ಊರಿನದೇ ಶಾಸನವನ್ನು, ಅಂದರೆ ಕಲ್ಲಿನಲ್ಲಿ ಕೊರೆದ ಹಳೆಯ ಬರಹವನ್ನು, ಊರವರೆದುರು ಓದಿಸುವುದು ಹೆಚ್ಚು ಫಲ ಕೊಡುತ್ತದೆಂದು ನನ್ನ ನಂಬಿಕೆ. ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳಲ್ಲಿ ಇಂಥ ಬರಹ ಸಿಗುತ್ತದೆ. ಬೆಂಗಳೂರಿನ ಹೆಸರೇ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ವೀರಗಲ್ಲೊಂದರ ಮೇಲೆ ಕಾಳಗವೊಂದರ ಪ್ರಸ್ತಾಪದಲ್ಲಿ ಬಂದಿದೆ.

ಮೊದಲು ಶಾಸನದ ಪಾಠವನ್ನು, ಅಂದರೆ ಅದರ ಅಚ್ಚಾದ ಬರಹವನ್ನು, ಹುಡುಕಬೇಕು. ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳು ಶಾಸನತಜ್ಞ ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚಾಗಿವೆ. ತಾಲ್ಲೂಕಿನ ಗಡಿಗಳು ಬದಲಾಗಿರುವುದರಿಂದ ನೆರೆ ತಾಲ್ಲೂಕುಗಳ ಪುಟಗಳನ್ನೂ ನೋಡಬೇಕು.

ಕಲ್ಲು ಯಾರದೋ ಹೊಲದಲ್ಲಿದ್ದರೆ ಹೊಲದವರ, ಪೂಜೆ ನಡೆಯುತ್ತಿದ್ದರೆ ಪೂಜಿಸುವ ಮನೆತನದವರ ಒಪ್ಪಿಗೆ ಪಡೆದು, ಅವರನ್ನೇ ಮುಂದಿಟ್ಟುಕೊಂಡು ಕಾರ್ಯಕ್ರಮ ನಡೆಸಬೇಕು. ಅಕ್ಷರ ಕಾಣಲೆಂದು ಬಣ್ಣ ಬಳಿಯುವುದು, ಉಳಿಯಿಂದ ಕೆರೆಯುವುದು ಸಲ್ಲದು. ಬೆಳಗಿನ ಓರೆ ಬಿಸಿಲಿನಲ್ಲಿ, ಇಲ್ಲವೇ ಸಂಜೆ ಪಕ್ಕದಿಂದ ಟಾರ್ಚ್ ಹಿಡಿದರೆ ಸವೆದ ಸಾಲುಗಳೂ ಎದ್ದು ಕಾಣುತ್ತವೆ.

ವಾಚನವನ್ನು ಕಲ್ಲಿನಲ್ಲಿ ಕೆತ್ತಿರುವ ಚಿತ್ರದಿಂದ ಆರಂಭಿಸುವುದು ಒಳ್ಳೆಯದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ ಚಂದ್ರರು ಇರುತ್ತಾರೆ. ಕೆಳಗೆ ದನಗಳಿದ್ದರೆ ಅದು ತುರುಗೋಳಿನ, ಅಂದರೆ ದನಗಳನ್ನು ಸೆರೆಹಿಡಿದೊಯ್ಯುವ ದಾಳಿಯ, ವೇಳೆ ಗೋವುಗಳನ್ನು ಬಿಡಿಸಲು ಹೋಗಿ ಮಡಿದವನ ಕಥೆ. ದನ ಸಾಕುವ ಹಿರಿಯರು ಇಲ್ಲಿ ತಾವಾಗಿ ಮಾತಿಗೆ ಇಳಿಯುತ್ತಾರೆ, ಅವರ ಮಾತಿಗೆ ಬೇಕಾದಷ್ಟು ಹೊತ್ತು ಬಿಡಬೇಕು. ಅನಂತರ ಹಳಗನ್ನಡ ಬಲ್ಲ ಅಧ್ಯಾಪಕರೊಬ್ಬರು ಸಾಲುಸಾಲಾಗಿ ಓದಲಿ, ಪ್ರತಿ ಸಾಲಿನ ಅರ್ಥವನ್ನು ಒಬ್ಬ ವಿದ್ಯಾರ್ಥಿ ಇಂದಿನ ಆಡುಮಾತಿನಲ್ಲಿ ಹೇಳಲಿ. ಶಾಸನವಿರುವ ಕಲ್ಲಿನಡಿ ನಿಧಿಯಿದೆಯೆಂಬ ನಂಬಿಕೆಯಿಂದ ಎಷ್ಟೋ ಕಲ್ಲುಗಳನ್ನು ಅಗೆದು ಉರುಳಿಸಲಾಗಿದೆ. ಬರೆದಿರುವುದು ದಾನದ ಅಥವಾ ಮರಣದ ವಿವರವೆಂದು ಎಲ್ಲರ ಕಿವಿಗೂ ಬೀಳುವುದು ಆ ಕಲ್ಲಿಗೆ ದೊಡ್ಡ ರಕ್ಷಣೆ.

ಕೊನೆಗೆ ಪಾಠ, ಅರ್ಥ, ಛಾಯಾಚಿತ್ರಗಳಿರುವ ಒಂದು ಹಾಳೆಯನ್ನು ಶಾಲೆಗೂ ಗ್ರಾಮ ಪಂಚಾಯಿತಿಗೂ ಕೊಟ್ಟು, ರಸ್ತೆ ಅಗಲೀಕರಣ, ಕೆರೆ ಹೂಳೆತ್ತುವ ಕೆಲಸಗಳ ವೇಳೆ ಕಲ್ಲಿನ ನಿಗಾ ನೋಡುವ ಹೊಣೆಯನ್ನು ಊರಿನ ಇಬ್ಬರಿಗೆ ಅಲ್ಲಿಯೇ ವಹಿಸಬೇಕು.