ಬಾಗಿಲ ಹೊರಗೆ ನಿಂತು ಬರೆದ ಕಾದಂಬರಿ

ಕೊರೋನಾ ಕಾಲದ ಸಂಸಾರದ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ ಎಂದಾಗ ಹಲವರು ಕೇಳಿದ್ದು, ‘ಅದನ್ನೆಲ್ಲ ಮತ್ತೆ ಯಾರು ಓದುತ್ತಾರೆ?’ ಎಂದು. ನನಗೆ ಆ ಪ್ರಶ್ನೆ ಕಾಡಲಿಲ್ಲ. ಬೆಳಗ್ಗೆ ಹೋಗಿ ಸಂಜೆ ಬರುವವರ ಲೆಕ್ಕದಲ್ಲಿ ಕಟ್ಟಿಕೊಂಡ ಸಂಸಾರವೊಂದು ಹಗಲಿರುಳು ಒಂದೇ ಸೂರಿನಡಿ ಕೂತರೆ ಏನಾಗುತ್ತದೆ ಎಂಬುದು ನನ್ನ ತಲೆಯನ್ನು ತುಂಬಿತ್ತು. ಮನೆಯಲ್ಲಿ ಗದರುವ ಅಪ್ಪ, ಮೇಲಧಿಕಾರಿಯ ಕರೆ ಬಂದ ಕೂಡಲೇ ಮೆತ್ತಗಾಗುವುದನ್ನು ಮಗಳು ಮೊದಲ ಸಲ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ಅವನ ಗದರಿಕೆಗೆ ಅವಳು ಹೆದರುವುದಿಲ್ಲ, ಅವನ ಮೇಲೆ ಕನಿಕರವೂ ಹುಟ್ಟುತ್ತದೆ. ಕಾದಂಬರಿ ಅಲ್ಲಿಂದ ಬೆಳೆಯಿತು.

ಕಥೆ ಬರೆಯುವ ಮೊದಲು ಮನೆಯ ನಕ್ಷೆ ಬರೆದೆ. ಎರಡು ಕೋಣೆ, ಒಂದು ನಡುಮನೆ, ಅಡುಗೆಮನೆ, ಒಂದೇ ಬಚ್ಚಲು. ಅಜ್ಜಿ ಸೇರಿ ಐದು ಜನ. ಮುಚ್ಚಿಕೊಳ್ಳಲು ಬಾಗಿಲು ಯಾರಿಗಿದೆ, ಯಾರಿಗಿಲ್ಲ ಎಂದು ಗುರುತು ಹಾಕುತ್ತಾ ಹೋದಂತೆ ಆ ಮನೆಯ ಅಧಿಕಾರವೆಲ್ಲ ಕಾಗದದ ಮೇಲೆ ಮೂಡಿತು. ಅಪ್ಪನ ಕೆಲಸಕ್ಕೆ ಒಂದು ಕೋಣೆ, ಮಕ್ಕಳ ಆನ್‌ಲೈನ್ ತರಗತಿಗೆ ಇನ್ನೊಂದು. ಅಮ್ಮನಿಗೂ ಉದ್ಯೋಗವಿದೆ, ಆದರೆ ಅವಳು ಕೂರುವುದು ಅಡುಗೆಮನೆಯ ಮೂಲೆಯಲ್ಲಿ, ಹಿಂದಿನ ಪಾತ್ರೆಗಳು ಕ್ಯಾಮೆರಾಕ್ಕೆ ಕಾಣದ ಹಾಗೆ ಲ್ಯಾಪ್‌ಟಾಪ್ ಓರೆಯಾಗಿಟ್ಟುಕೊಂಡು. ಅವಳ ದುಡಿಮೆಯ ಬಗ್ಗೆ ಒಂದು ಮಾತನ್ನೂ ನಾನು ಪ್ರತ್ಯೇಕವಾಗಿ ಹೇಳಬೇಕಾಗಲಿಲ್ಲ.

ಅತಿ ಹೆಚ್ಚು ಶ್ರಮ ಬೇಡಿದ್ದು ತಿಳಿವಳಿಕೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ರಂದು. ಜನಸಂದಣಿಯಿರುವೆಡೆ ಸಾಮಾನ್ಯರೂ ಬಟ್ಟೆಯ ಮಾಸ್ಕ್ ಧರಿಸಲಿ ಎಂಬ ಅದರ ಸಲಹೆ ಬಂದದ್ದು ಅದೇ ವರ್ಷ ಜೂನ್ 5ಕ್ಕೆ. ಪ್ರಯೋಗದ ಹಂತ ದಾಟಿದ ಫೈಜರ್ ಲಸಿಕೆ ಬ್ರಿಟನ್ನಿನಲ್ಲಿ ಮೊದಲ ತೋಳಿಗೆ ಬಿದ್ದದ್ದು ಡಿಸೆಂಬರ್ 8ರಂದು. ಏಪ್ರಿಲ್‌ನಲ್ಲಿ ನಡೆಯುವ ಅಧ್ಯಾಯದ ಪಾತ್ರಕ್ಕೆ ಇದರಲ್ಲಿ ಮೊದಲನೆಯದು ಮಾತ್ರ ಗೊತ್ತು. ಹಾಗಾಗಿ ಅವನು ಹಾಲಿನ ಪೊಟ್ಟಣವನ್ನು ಸೋಪು ಹಚ್ಚಿ ತೊಳೆಯುತ್ತಾನೆ, ಬಂದ ಪತ್ರವನ್ನು ಬಿಸಿಲಿಗಿಡುತ್ತಾನೆ. ಇಂದಿನ ಓದುಗನಿಗೆ ನಗು ಬರಬಹುದಾದ ಆ ಕೆಲಸವನ್ನು ಅವನ ಭಯದ ಒಳಗಿಂದ ಬರೆಯಬೇಕು. ಪ್ರತಿ ಅಧ್ಯಾಯದ ತಲೆಯ ಮೇಲೆ ದಿನಾಂಕ ಬರೆದು, ಆ ದಿನ ಈ ಮನೆಯವರಿಗೆ ಏನು ಗೊತ್ತಿತ್ತು, ಯಾವ ಗಾಳಿಸುದ್ದಿ ನಂಬಿದ್ದರು ಎಂದು ಟಿಪ್ಪಣಿ ಮಾಡಿಕೊಂಡೆ. ಅದಕ್ಕೆ ನೆನಪನ್ನು ನೆಚ್ಚಲಿಲ್ಲ. ಬಂಧುಗಳ ವಾಟ್ಸ್ಆ್ಯಪ್ ಗುಂಪಿನ ಹಳೆಯ ಸಂದೇಶಗಳನ್ನು ಗಂಟೆ, ನಿಮಿಷದ ಸಮೇತ ಓದಿದೆ.

ಇಂಥ ಬರವಣಿಗೆಗೆ ಕಾಲದ ಅಂತರ ಬೇಕು ಎನ್ನುವವರಿದ್ದಾರೆ. 1665ರ ಲಂಡನ್ ಪ್ಲೇಗಿನ ಕುರಿತು ಡೇನಿಯಲ್ ಡೆಫೋ ಬರೆದ ಪುಸ್ತಕ ಹೊರಬಂದದ್ದು 1722ರಲ್ಲಿ. ಪ್ಲೇಗ್ ಬಂದಾಗ ಆತ ಎಳೆಯ ಮಗು. ಅಂತರದಿಂದಲೂ ದೊಡ್ಡ ಕೃತಿ ಬರುತ್ತದೆ, ನಿಜ. ಆದರೂ ಬಂಧುಗಳ ಆ ವಾಟ್ಸ್ಆ್ಯಪ್ ಗುಂಪಿನಲ್ಲೇ ಈಗ ಎಲ್ಲರೂ ‘ನಮಗೆ ಆಗಲೇ ಗೊತ್ತಿತ್ತು’ ಎನ್ನುತ್ತಿರುವುದನ್ನು ಕಂಡ ಮೇಲೆ ಕಾಯುವುದು ಬೇಡವೆನಿಸಿತು.

ಅಪ್ಪನಿಗೆ ಸೋಂಕು ತಗಲುವ ಭಾಗದಲ್ಲಿ ನಾನೊಂದು ಕಟ್ಟುಪಾಡು ಹಾಕಿಕೊಂಡೆ. ಅವನ ಕೋಣೆಯೊಳಕ್ಕೆ ಕಥನ ಹೋಗಕೂಡದು. ಅಮ್ಮ ತಟ್ಟೆಯನ್ನು ಹೊಸ್ತಿಲ ಬಳಿ ಇಡುತ್ತಾಳೆ, ಎರಡು ಸಲ ಬಾಗಿಲು ತಟ್ಟಿ ಹಿಂದೆ ಸರಿಯುತ್ತಾಳೆ. ಚಿಲಕ ತೆಗೆಯುವ ಸದ್ದಿಗೆ ಕಾಯುತ್ತಾಳೆ. ಮೊದಲ ದಿನ ಸದ್ದು ತಟ್ಟನೆ ಕೇಳುತ್ತದೆ. ದಿನ ಕಳೆದಂತೆ ತಡವಾಗುತ್ತದೆ. ಚಪ್ಪಲಿ ಎಳೆಯುವ ಸದ್ದು, ಕೆಮ್ಮು, ಆಮೇಲೆ ಚಿಲಕ. ಕಾಯಿಲೆ ಎಷ್ಟು ಏರಿದೆ ಎಂದು ಹೇಳಲು ಅಷ್ಟು ಸಾಕಾಯಿತು. ಆಕ್ಸಿಮೀಟರಿನ ಅಂಕಿ ಎರಡೇ ಕಡೆ ಬರುತ್ತದೆ. ದಿನದ ಸಾವಿನ ಸಂಖ್ಯೆ ಟಿವಿಯಲ್ಲಿ ಓಡುತ್ತಿರುತ್ತದೆ. ಆ ಅಂಕಿಗಳನ್ನು ಪುಟದ ಮೇಲೆ ತರಲಿಲ್ಲ.

ಆಸ್ಪತ್ರೆಯ ಅಧ್ಯಾಯ ಮಾತ್ರ ಬಹಳ ಕಾಲ ಕೈಗೂಡಲಿಲ್ಲ. ವೈದ್ಯರು, ಯಂತ್ರಗಳು, ವಾರ್ಡಿನ ಬೆಳಕು ಎಲ್ಲವೂ ಇತ್ತು, ಜೀವವಿರಲಿಲ್ಲ. ಆ ಕಾಲದಲ್ಲಿ ತಂದೆಯನ್ನು ಕಳೆದುಕೊಂಡ ಗೆಳೆಯರೊಬ್ಬರಿಗೆ ಕರಡು ಕೊಟ್ಟೆ. ಅವರು ಓದಿ, ತುಸು ಹೊತ್ತು ಬಿಟ್ಟು ಹೇಳಿದರು: ‘ಅಪ್ಪನನ್ನು ಆಂಬುಲೆನ್ಸ್ ಹತ್ತಿಸುವಾಗ ಮೊಬೈಲ್ ಚಾರ್ಜರ್ ಇಡುವುದು ಮರೆತುಹೋಗಿತ್ತು. ಮಾರನೆಯ ದಿನ ಸ್ವಿಚ್ಡ್ ಆಫ್ ಬರುತ್ತಿತ್ತು. ನನಗೆ ಈಗಲೂ ನೆನಪಿಗೆ ಬರುವುದು ಅದೊಂದೇ.’ ಅದನ್ನು ಬಳಸಿಕೊಳ್ಳಬಹುದೇ ಎಂದು ಕೇಳಿದೆ, ಒಪ್ಪಿದರು. ಆಸ್ಪತ್ರೆಯ ಒಳಗಿನ ಪುಟಗಳನ್ನು ಪೂರ್ತಿ ತೆಗೆದುಹಾಕಿ, ನಡುಮನೆಯ ಗೋಡೆಯಲ್ಲೇ ಉಳಿದುಹೋದ ಚಾರ್ಜರ್‌ನಿಂದ ಆ ಅಧ್ಯಾಯವನ್ನು ಮತ್ತೆ ಶುರು ಮಾಡಿದೆ.