ಉಳ್ಳಾಗಡ್ಡಿ ಪಾಕೆಟ್ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆ

ನಮ್ಮೂರು ಬಾಗಲಕೋಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು. ಉಳ್ಳಾಗಡ್ಡಿ ರೇಟು ಬಿದ್ದ ಒಂದು ವರ್ಷ, ಹೆಚ್ಚಿ ಒಣಗಿಸಿ ಮಾರಲು ಶುರು ಮಾಡಿದೆವು. ನಾನು, ನನ್ನ ನೆಗೆಣ್ಣಿ, ಒಂದು ಟ್ರೇ ಡ್ರೈಯರ್. ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಮಳೆ ಹಿಡಿದ ವಾರಕ್ಕೇ ಖಾನಾವಳಿಯವರು ಪಾಕೆಟ್ ವಾಪಸ್ ಕಳಿಸಿದರು. ಚೂರೆಲ್ಲ ಕಂದಾಗಿ, ಬೆಲ್ಲದ ಹೆಂಟೆಯಂತೆ ಅಂಟಿಕೊಂಡಿತ್ತು.

ಬಾಗಲಕೋಟೆಯ ಉದ್ಯಾನಗಿರಿಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಶುರುವಾದದ್ದು 2008ರಲ್ಲಿ. ಅದು ಓದೋ ಹುಡುಗರ ಜಾಗ ಅಂತಲೇ ನಾನು ತಿಳಿದಿದ್ದೆ. ದೊಡ್ಡ ಡ್ರೈಯರ್‌ಗೆ ಸಬ್ಸಿಡಿ ಸಿಗುತ್ತೇನೋ ಕೇಳೋಣ ಅಂತ ಹೋದೆ, ಸುಳ್ಳು ಯಾಕೆ ಹೇಳಲಿ. ಅಲ್ಲಿನ ಮೇಡಂ ಪಾಕೆಟ್ ಹರಿದು ಮೂಸಿ, "ಅಕ್ಕಾರೆ, ತೇವಾಂಶ ಎಷ್ಟೈತ್ರಿ?" ಅಂದರು.

"ಕೈಲೆ ಮುರದ್ರ ಟಕ್ ಅಂತೈತ್ರೀ ಮೇಡಂ" ಅಂದೆ.

ನಕ್ಕು ಯಂತ್ರದಲ್ಲಿಟ್ಟರು. ನೂರಕ್ಕೆ 9 ಬಂತು. 5ರ ಆಸುಪಾಸು ಇರಬೇಕಿತ್ತಂತೆ.

ತಪ್ಪು ಒಂದಲ್ಲ. ಬೇಗ ಒಣಗಲಿ ಅಂತ ಡ್ರೈಯರ್ 75 ಡಿಗ್ರಿಗೆ ಇಡುತ್ತಿದ್ದೆ. ಮೇಲಿನ ಪದರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಉಳಿಯುತ್ತಿತ್ತು. ಟಕ್ ಅಂತಿದ್ದದ್ದು ಬರೀ ಮೇಲಿನ ಸಿಪ್ಪೆ! ಈಗ 3 ಮಿಲಿಮೀಟರ್ ದಪ್ಪ ಹೆಚ್ಚಿ, 60ರಲ್ಲಿ ಶುರು ಮಾಡಿ, ಕೊನೆಗೆ 55ಕ್ಕೆ ಇಳಿಸುತ್ತೇನೆ. ಬಿಸಿ ಇದ್ದಾಗಲೇ ತುಂಬಿದರೆ ಪಾಕೆಟ್ ಒಳಗೇ ಬೆವರುತ್ತದೆ. ಆರಿದ ಮೇಲೆ ಬಿಟ್ಟರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆರಿದ ಕೂಡಲೇ ಸೀಲ್ ಮಾಡಬೇಕು, ಅದೂ ತೆಳು ಪ್ಲಾಸ್ಟಿಕ್‌ನಲ್ಲಲ್ಲ, ಅಲ್ಯೂಮಿನಿಯಂ ಪದರದ ಪೌಚ್‌ನಲ್ಲಿ. ಡ್ರೈಯರ್ ಮಾರಿದವನು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ಆಮೇಲೆ ಲೆಕ್ಕ ಕೇಳಿದರು. ಸಿಪ್ಪೆ, ತುದಿ ಹೋಗಿ 11 ಕಿಲೋ ಉಳ್ಳಾಗಡ್ಡಿಗೆ ಒಂದು ಕಿಲೋ ಒಣ ಚೂರು. ಕಿಲೋಗೆ 10 ರೂಪಾಯಿ ಹಿಡಿದರೂ ಮಾಲಿಗೇ 110. ಕರೆಂಟು, ಪೌಚ್, ನಮ್ಮಿಬ್ಬರ ಕೂಲಿ ಸೇರಿಸಿದರೆ 200 ದಾಟಿತು. ನಾನು ಮಾರುತ್ತಿದ್ದದ್ದು 180ಕ್ಕೆ. ಜಾಸ್ತಿ ಮಾರಿದಷ್ಟೂ ಜಾಸ್ತಿ ಲುಕ್ಸಾನು! ದೊಡ್ಡ ಡ್ರೈಯರ್ ಸಿಕ್ಕಿದ್ದರೆ ಇನ್ನೂ ಬೇಗ ಮುಳುಗುತ್ತಿದ್ದೆ, ಅಲ್ವಾ?

ಸಬ್ಸಿಡಿ ವಿಷಯ ಕೊನೆಗೆ ಬಂತು. ಸಣ್ಣ ಆಹಾರ ತಯಾರಿಕೆ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬಾಗಲಕೋಟೆ ಜಿಲ್ಲೆಗೆ ಆರಿಸಿದ ಬೆಳೆ ಉಳ್ಳಾಗಡ್ಡಿಯೇ. ಯೋಜನೆಯದ್ದು ನೂರಕ್ಕೆ 35, ಅದರ ಮೇಲೆ ರಾಜ್ಯದ್ದು 15 ಅಂತ ಇತ್ತು. ಆದರೆ ಅದು ಸಾಲಕ್ಕೆ ಜೋಡಿಸಿದ ಸಹಾಯಧನ, ಸುಮ್ನೆ ಕೈಗೆ ಬರೋ ದುಡ್ಡಲ್ಲ. ಒಂದು ಬ್ಯಾಂಕಿನವರು ನನ್ನನ್ನು ನಾಲ್ಕು ತಿಂಗಳು ಅಲೆಸಿದರು, ಆ ಕಥೆ ಬೇಡ ಬಿಡಿ.

ಖಾನಾವಳಿಯವರು ಈಗ 260 ಕೊಡುತ್ತಾರೆ, ಗೊಣಗುತ್ತಲೇ. ನಮ್ಮ ಕೆಂಪು ಗಡ್ಡಿಯಲ್ಲಿ ನೀರು ಜಾಸ್ತಿ, ಒಣಗಿಸೋಕೆ ಬಿಳಿ ತಳಿ ಒಳ್ಳೇದು ಅಂತ ಮೇಡಂ ಹೇಳಿದ್ದರು. ಮೈದುನ ಅರ್ಧ ಎಕರೆ ಹಾಕಿದ್ದಾನೆ. ಕೀಳೋಕೆ ಇನ್ನೂ ಒಂದೂವರೆ ತಿಂಗಳಿದೆ.