ತೋಟದ ಸಿಲ್ವರ್ ಓಕ್‌ನಲ್ಲಿ ಕಡಲು ಕೆತ್ತಿದ್ದು: ನನ್ನ ಅನುಭವ

ಸಿಲ್ವರ್ ಓಕ್ ಅಂದರೆ ಮೆಣಸಿನ ಬಳ್ಳಿ ಹಬ್ಬಿಸೋಕೆ, ಬಿಟ್ಟರೆ ಪ್ಲೈವುಡ್‌ಗೆ, ಪ್ಯಾಕಿಂಗ್ ಪೆಟ್ಟಿಗೆಗೆ. ಕೆತ್ತನೆಗೆ ಶಿವನಿಯೋ ತೇಗವೋ ಹಿಡಿ, ಇದು ಸೀಳುತ್ತೆ ಅಂದವರೇ ಎಲ್ಲ. ಈಗ ಆ ಮರದ ಕಡಲ ಫಲಕಗಳು ಮಡಿಕೇರಿಯ ಮಳೆಗಾಲ ಕಳೆದೂ ಒಂದು ಕೂದಲೆಳೆ ಬಿರುಕಿಲ್ಲದೆ ಹೋಂಸ್ಟೇ ಗೋಡೆಗಳ ಮೇಲಿವೆ.

ಎಲ್ಲ ಇರುವುದು ಮರವನ್ನು ಸೀಳಿಸುವ ರೀತಿಯಲ್ಲಿ. ಸಾಮಿಲ್‌ನವರು ದಿಮ್ಮಿಯನ್ನು ಒಂದೇ ಸಮ ಹಲಗೆ ಹೊಡೆದುಬಿಡುತ್ತಾರೆ. ಅದು ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ದೋಣಿಯ ಹಾಗೆ ಬಾಗುತ್ತದೆ. ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿಸಿ, ಉಂಗುರದ ಗೆರೆ ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಸೀಳಿಸಬೇಕು. ಹಿಗ್ಗು ಕುಗ್ಗು ಸುಮಾರು ಅರ್ಧಕ್ಕಿಳಿಯುತ್ತದೆ. ಜೊತೆಗೆ ಮುಖದ ಮೇಲೆ ಬೆಳ್ಳಿ ಚಕ್ಕೆಯಂಥ ಮಿಣುಗು ಏಳುತ್ತದೆ. ನನಗೆ ಬೇಕಾದ ನೀರಿನ ಹೊಳಪು ಅದೇ. 5 ಅಡಿ ಸುತ್ತಳತೆಗಿಂತ ಸಣ್ಣ ಮರ ಬೇಡ, 6 ಇಂಚಿನ ಹಲಗೆ ಸಿಗುವುದಿಲ್ಲ. ಮೂರರಲ್ಲಿ ಒಂದು ಪಾಲು ಹಾಳಾಗುತ್ತದೆ, ಮಿಲ್ಲಿನವರು ಗೊಣಗುತ್ತಾರೆ. ಆದರೂ ಸಿಎಫ್‌ಟಿಗೆ (ಘನ ಅಡಿಗೆ) 500 ರೂಪಾಯಿಯ ಆಸುಪಾಸು ಕೊಟ್ಟ ನೆನಪು. ಸೀಳುಕೂಲಿ ಸೇರಿ 3 ಅಡಿಗೆ ಒಂದೂವರೆ ಅಡಿಯ ಫಲಕದ ಮರ 800 ದಾಟಿಲ್ಲ.

ಕಾಫಿ ಕುಯ್ಲು ಮುಗಿದ ಮೇಲೆ ಉರುಳಿಸಿದ ಮರವನ್ನು ಹದಿನೈದು ದಿನದೊಳಗೆ ಸೀಳಿಸಿ, ಇಲ್ಲದಿದ್ದರೆ ನೀಲಿ ಕಲೆ ಹಿಡಿಯುತ್ತದೆ. ಕುಟ್ಟೆ ಹುಳುವಿಗೆ 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಹಸಿ ಹಲಗೆಯನ್ನೇ ರಾತ್ರಿಯಿಡೀ ಮುಳುಗಿಸಿ, ಎರಡು ಮೂರು ವಾರ ಟಾರ್ಪಾಲ್ ಹೊದಿಸಿಡಿ. ಒಣಗಿದ ಮೇಲೆ ಬಳಿದರೆ ಮದ್ದು ಮೈಮೇಲೇ ಉಳಿಯುತ್ತದೆ. ಆಮೇಲೆ ತುದಿಗಳಿಗೆ ಪೇಂಟ್ ಬಳಿದು ಅಟ್ಟದಲ್ಲಿ ವರ್ಷವೊಪ್ಪತ್ತು. ತೇವ ಅಳೆಯುವ ಮೀಟರ್ ಶೇ. 12 ತೋರಿಸಬೇಕು. ಫಲಕ ಬೆಂಗಳೂರಿನ ಫ್ಲ್ಯಾಟಿಗೆ ಹೋಗುವುದಾದರೆ 10.

ಎಳೆ ಅಡ್ಡ ಮಲಗಿರಲಿ, ಕಡಲಿಗೆ ಅದೇ ಸರಿ. ತೊಂದರೆ ಚಿತ್ರದಲ್ಲಿ ಬರುವ ತೆಂಗಿನ ಮರದ್ದು: ಕಾಂಡ ಎಳೆಗೆ ಅಡ್ಡ ನಿಲ್ಲುವುದರಿಂದ ಅರ್ಧ ಇಂಚಿಗಿಂತ ತೆಳುವಾದರೆ ಪಟ್ಟನೆ ಹಾರುತ್ತದೆ. ಕಾಂಡವನ್ನು ಶಿವನಿಯಲ್ಲಿ ಬೇರೆ ಕೆತ್ತಿ ಕೂರಿಸುತ್ತೇನೆ. ಉಳ್ಳಾಲದ ಪಕ್ಕದ ಸೋಮೇಶ್ವರ ಕಡಲತೀರದ ಬಂಡೆಗಳನ್ನು ಮಾತ್ರ ಮೂಲ ಹಲಗೆಯಲ್ಲೇ 12 ಮಿ.ಮೀ. ಆಳಕ್ಕೆ ಇಳಿಸುತ್ತೇನೆ. ನೀರಿನ ಭಾಗಕ್ಕೆ ಉಪ್ಪುಕಾಗದ ಮುಟ್ಟಿಸಬೇಡಿ, ಮಿಣುಗು ಸಾಯುತ್ತದೆ. ಕಿಟಕಿ ಗಾಜಿನ ಚೂರಿನ ಹೊಸ ಅಂಚಿನಲ್ಲಿ ಹೆರೆದರೆ ಸಾಕು. ಸಿಲ್ವರ್ ಓಕ್ ಹುಡಿಗೆ ಕೆಲವರಿಗೆ ಮೈ ಕಡಿತ ಬರುತ್ತದೆ. ತುಂಬುತೋಳಿನ ಅಂಗಿ, ಮಾಸ್ಕ್ ಇರಲಿ.

ಬಣ್ಣ ತೀರಾ ತೆಳು, ಪ್ರೈಮರ್ ಇಲ್ಲ. ಮಿಣುಗು ಬಣ್ಣ ಕಡಿಮೆ ಕುಡಿಯುತ್ತದೆ, ಸುತ್ತಲಿನ ಮರ ಜಾಸ್ತಿ. ಅಲೆ ತಾನಾಗಿ ಮೂಡುತ್ತದೆ. ಮಳೆಗಾಲದಲ್ಲಿ ನೇತ್ರಾವತಿ ಕೆಂಪು ನೀರು ತಂದು ಸುರಿಯುವ ಉಳ್ಳಾಲದ ಕಡಲು ನೀಲಿ ಇರುವುದಿಲ್ಲ. ಪ್ರಷ್ಯನ್ ಬ್ಲೂ ಚಿಟಿಕೆಯಷ್ಟು, ಉಳಿದದ್ದು ಅಂಬರ್ ಅನ್ನುವ ಮಣ್ಣುಗಂದು. ನೊರೆಗೆ ನಾನು ಬಿಳಿ ಬಣ್ಣ ಹಚ್ಚುವುದೇ ಇಲ್ಲ. ಹೇಗೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬಂಡೆಯ ಕಪ್ಪಿಗೆ ಅಳಲೆಕಾಯಿ ಕಷಾಯ ಬಳಿದು, ಆರಿದ ಮೇಲೆ ತುಕ್ಕು ಮೊಳೆ ನೆನೆಸಿದ ವಿನಿಗರ್. ಕಣ್ಣೆದುರೇ ಕಪ್ಪಾಗುತ್ತದೆ. ವಿನಿಗರ್ ಬದಲು ಕಾಚಂಪುಳಿಯನ್ನೂ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ನೋಡಿದೆ: ಅಂಟು ಆರಲಿಲ್ಲ, ಇರುವೆ ಮುತ್ತಿತು, ಖರ್ಚೂ ಹೆಚ್ಚು. ಅದು ಪಂದಿಕರಿಗೇ ಇರಲಿ. ಹಸಿ ಅಗಸೆ ಎಣ್ಣೆಯೂ ನಮ್ಮಲ್ಲಿ ನಡೆಯುವುದಿಲ್ಲ, ಜುಲೈಗೆ ಬೂಷ್ಟು. ಅರಗಿನ ಪಾಲಿಶ್ ಒಳ್ಳೆಯದು, ಆದರೆ ತೇವದ ದಿನ ಬಳಿದರೆ ಬಿಳಿ ಮಬ್ಬು ಕೂರುತ್ತದೆ. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲಿನ ಬಿಸಿಲಿಗೆ ಕಾಯಿರಿ.

ಫ್ರೇಮಿನ ಒಳಗೆ ಕೊರೆದ ಸಂದಿಯಲ್ಲಿ ಅಂಟು ಹಾಕದೆ, ಮೇಲೆ ಕೆಳಗೆ 3 ಮಿ.ಮೀ. ಬಿಟ್ಟು ಕೂರಿಸಿ. ಒಂದು ಫಲಕಕ್ಕೆ 14–15 ಸಾವಿರ ಸಿಗುತ್ತಿದೆ. ಅಂಗಡಿಯಲ್ಲಿಟ್ಟರೆ ನೂರಕ್ಕೆ 40 ಅವರಿಗೇ, ಅದೂ ಆರು ತಿಂಗಳಿಗೆ ಕೈಗೆ ಬಂದರೆ ಪುಣ್ಯ. ನೇರ ಮಾರುವುದೇ ವಾಸಿ. ಕೊಳ್ಳುವವರಿಗೆ ಒಂದು ಮಾತು ಹೇಳಿಯೇ ಕಳಿಸಿ: ಗೋಡೆಗೂ ಫಲಕಕ್ಕೂ ನಡುವೆ ನಾಲ್ಕು ಮೂಲೆಗೆ ಅರ್ಧ ಇಂಚಿನ ಕಾರ್ಕ್ ತುಂಡು. ಮಳೆಗಾಲದಲ್ಲಿ ನಮ್ಮ ಗೋಡೆಗಳು ಬೆವರುತ್ತವೆ.